ಬಾಡಿಗೆ ಕೋಣೆಗಳಲ್ಲಿ ಎಗ್ ಕುಕ್ಕರ್ ಬಳಸುವವರಿಗೆ ಬಹಿರಂಗ ಪತ್ರ



ಎಗ್ ಕುಕ್ಕರ್ ಎಂಬ ವಿದ್ಯುತ್ ಪಾತ್ರೆ ಮೊಟ್ಟೆಯನ್ನು ನೀರಿನಲ್ಲಿ ಮುಳುಗಿಸಿ ಬೇಯಿಸುವುದಿಲ್ಲ. ಇಡ್ಲಿಯ ಹಾಗೆ ಹಬೆಯಲ್ಲಿ ಬೇಯಿಸುತ್ತದೆ. ತಳದಲ್ಲಿ ಹೀಟರು, ಅದರ ಮೇಲೆ ಸ್ಟೀಲಿನ ಇಲ್ಲವೇ ನಾನ್‌ಸ್ಟಿಕ್ ಲೇಪದ ಬಿಸಿ ತಟ್ಟೆ, ತಟ್ಟೆಯ ಮೇಲೆ ಕೂರುವ ತೂತುಗಳ ಮೊಟ್ಟೆ ಹಲಗೆ, ಹಬೆ ಹೋಗಲು ನೆತ್ತಿಯಲ್ಲಿ ಕಿಂಡಿ ಇರುವ ಪಾರದರ್ಶಕ ಮುಚ್ಚಳ, ಮತ್ತು ಒಂದು ಪುಟ್ಟ ಅಳತೆ ಲೋಟ. ಇಷ್ಟರಲ್ಲಿ ಸಾಮಗ್ರಿ ಮುಗಿಯಿತು. ಮೊದಲ ವಾರದಲ್ಲೇ ಮೂಲೆ ಸೇರುವುದು ಅಥವಾ ಕಸಕ್ಕೆ ಹೋಗುವುದು ಸಾಮಾನ್ಯವಾಗಿ ಈ ಅಳತೆ ಲೋಟ. ಆದರೆ ಇಡೀ ಯಂತ್ರದಲ್ಲಿ ಅದಿಲ್ಲದೆ ಯಾವ ಕೆಲಸವೂ ಸರಿಯಾಗಿ ಆಗುವುದಿಲ್ಲ.

ಕಾರಣ ಸರಳ. ಹೆಚ್ಚಿನ ಎಗ್ ಕುಕ್ಕರ್‌ಗಳಲ್ಲಿ ಗಡಿಯಾರವಿಲ್ಲ, ನೀರೇ ಗಡಿಯಾರ. ತಟ್ಟೆಯ ಮೇಲೆ ನೀರು ಇರುವಷ್ಟು ಹೊತ್ತು ತಟ್ಟೆಯ ಬಿಸಿ ನೀರಿನ ಕುದಿಬಿಂದುವಿನ ಆಸುಪಾಸಿನಲ್ಲೇ ನಿಲ್ಲುತ್ತದೆ, ಏಕೆಂದರೆ ಹೀಟರು ಕೊಡುವ ಶಾಖವೆಲ್ಲ ನೀರನ್ನು ಆವಿಯಾಗಿಸುವುದಕ್ಕೇ ಖರ್ಚಾಗುತ್ತದೆ. ಕೊನೆಯ ಹನಿ ಆರಿದ ಮರುಕ್ಷಣ ತಟ್ಟೆ ಜೋರಾಗಿ ಕಾಯುತ್ತದೆ. ಅಡಿಯಲ್ಲಿರುವ ಥರ್ಮೋಸ್ಟಾಟ್ ಅದನ್ನು ಗುರುತಿಸಿ ವಿದ್ಯುತ್ ಕಡಿದುಹಾಕುತ್ತದೆ, ಇಲ್ಲವೇ ಗಂಟೆ ಬಾರಿಸುತ್ತದೆ. ಇದು ಹಳೆಯ ಉಪಾಯ. ಕಳೆದ ಶತಮಾನದ ಮೊದಲರ್ಧದಲ್ಲಿ ಅಮೆರಿಕದ ಹ್ಯಾಂಕ್ಸ್‌ಕ್ರಾಫ್ಟ್ ಕಂಪನಿ ಮಾರುತ್ತಿದ್ದ ಪಿಂಗಾಣಿಯ ಎಗ್ ಕುಕ್ಕರ್‌ಗಳಲ್ಲಿ ಎರಡು ಲೋಹದ ತುದಿಗಳ ನಡುವೆ ನೀರೇ ವಿದ್ಯುತ್ತನ್ನು ಹರಿಸುತ್ತಿತ್ತು. ನೀರು ಮುಗಿದರೆ ಹರಿವಿಗೆ ದಾರಿ ಇಲ್ಲ, ಕುಕ್ಕರ್ ತಾನಾಗಿ ನಿಲ್ಲುತ್ತಿತ್ತು. ಇಂದಿನ ಯಂತ್ರಗಳಲ್ಲಿ ತಂತ್ರ ಬೇರೆ, ಆದರೆ ಹೊತ್ತನ್ನು ಅಳೆಯುವುದು ಇಂದಿಗೂ ನೀರೇ.

ಮೊಟ್ಟೆ ಹೆಚ್ಚಾದರೆ ನೀರು ಕಡಿಮೆ ಹಾಕಬೇಕು ಎಂದು ಅಳತೆ ಲೋಟದ ಗೆರೆಗಳು ಹೇಳುತ್ತವೆ. ಹೊಸಬರಲ್ಲಿ ಬಹಳ ಮಂದಿ ಇದನ್ನು ಅಚ್ಚಿನ ತಪ್ಪು ಎಂದುಕೊಂಡು ಏಳು ಮೊಟ್ಟೆಗೆ ಲೋಟ ತುಂಬ ನೀರು ಸುರಿಯುತ್ತಾರೆ. ಗೆರೆ ತಪ್ಪಿಲ್ಲ. ತಣ್ಣಗಿರುವ ಚಿಪ್ಪಿಗೆ ತಾಗಿದ ಹಬೆ ಮತ್ತೆ ನೀರಾಗಿ, ತನ್ನ ಶಾಖವನ್ನು ಮೊಟ್ಟೆಗೆ ಕೊಟ್ಟು, ಹನಿಯಾಗಿ ತಟ್ಟೆಗೆ ಇಳಿಯುತ್ತದೆ. ಅದೇ ನೀರು ಎರಡನೆಯ ಸಲ ಕುದಿಯುತ್ತದೆ. 50 ಗ್ರಾಮಿನ ಮೊಟ್ಟೆಯನ್ನು ಕೋಣೆಯ ಬಿಸಿಯಿಂದ 80 ಡಿಗ್ರಿಗೆ ಏರಿಸಲು ಸುಮಾರು 9 ಕಿಲೋಜೂಲ್ ಶಾಖ ಬೇಕು. ಒಂದು ಗ್ರಾಮು ಹಬೆ ನೀರಾಗುವಾಗ 2.26 ಕಿಲೋಜೂಲ್ ಬಿಟ್ಟುಕೊಡುತ್ತದೆ. ಅಂದರೆ ಒಂದೊಂದು ಮೊಟ್ಟೆಯೂ ಬೇಯುವಷ್ಟರಲ್ಲಿ ಸುಮಾರು 4 ಮಿಲಿಲೀಟರ್ ನೀರನ್ನು ತಟ್ಟೆಗೆ ಹಿಂದಿರುಗಿಸುತ್ತದೆ. ಏಳು ಮೊಟ್ಟೆಗಳಿದ್ದರೆ 28 ಮಿಲಿಲೀಟರ್. ಒಂದೇ ಮೊಟ್ಟೆ ಇಟ್ಟಾಗ ಹಬೆಯ ಬಹುಪಾಲು ಕಿಂಡಿಯಿಂದ ಹಾರಿಹೋಗುತ್ತದೆ, ಆದ್ದರಿಂದ ಅದೇ ಹೊತ್ತು ಬೇಯಿಸಲು ನೀರು ಹೆಚ್ಚು ಬೇಕು. ಇದು ಒಮ್ಮೆ ಮನಸ್ಸಿಗೆ ಹೊಕ್ಕರೆ ಕುಕ್ಕರಿನ ಉಳಿದೆಲ್ಲ ನಡವಳಿಕೆಯೂ ಅರ್ಥವಾಗುತ್ತದೆ.

360 ವ್ಯಾಟಿನ ಹೀಟರಿನಲ್ಲಿ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರ್ ನೀರು ಆವಿಯಾಗಲು ಸುಮಾರು ಅರ್ಧ ನಿಮಿಷ ಹಿಡಿಯುತ್ತದೆ. ಲೋಟದ ಗೆರೆಗಿಂತ ಈ ಚಮಚದ ಲೆಕ್ಕವೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಹಳದಿ ಇನ್ನೂ ಮೆತ್ತಗಿರಬೇಕಾದರೆ ಒಂದು ಚಮಚ ಕಡಿಮೆ, ಗಟ್ಟಿಯಾಗಬೇಕಾದರೆ ಒಂದು ಚಮಚ ಹೆಚ್ಚು. ಎರಡು ಮೂರು ದಿನ ಹೀಗೆ ಹೊಂದಿಸಿ ನೋಡಿ, ತಮ್ಮ ಕುಕ್ಕರಿನ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡವರು ಮತ್ತೆ ಆ ಬಗ್ಗೆ ಯೋಚಿಸಬೇಕಾಗಿಲ್ಲ. ಹೊಂದಿಸಿಕೊಳ್ಳುವುದು ಅಗತ್ಯ ಏಕೆಂದರೆ ಗೆರೆಗಳನ್ನು ಎಳೆದವರ ಮುಂದೆ ಇದ್ದ ಮೊಟ್ಟೆ ಬೇರೆ. ಅಮೆರಿಕದಲ್ಲಿ ‘ದೊಡ್ಡ’ ಮೊಟ್ಟೆ ಎಂದರೆ ಸುಮಾರು 57 ಗ್ರಾಮು. ಇಲ್ಲಿನ ಫಾರಂ ಮೊಟ್ಟೆ ಹೆಚ್ಚಾಗಿ 50ರ ಸುತ್ತಮುತ್ತ, ನಾಟಿ ಕೋಳಿಯ ಮೊಟ್ಟೆ ಅದಕ್ಕಿಂತಲೂ ಚಿಕ್ಕದು. ವಿದೇಶಿ ಅಳತೆಯ ಕುಕ್ಕರಿನಲ್ಲಿ ನಾಟಿ ಮೊಟ್ಟೆ ‘ಹಾಫ್ ಬಾಯಿಲ್’ ಗೆರೆಯಲ್ಲೇ ಪೂರ್ತಿ ಗಟ್ಟಿಯಾಗಿಬಿಡುವುದು ಇದರಿಂದಲೇ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಮೊಟ್ಟೆಗೆ ಲೆಕ್ಕ ಉಲ್ಟಾ ಆಗುತ್ತದೆ. ಅದು ಇಪ್ಪತ್ತು ಡಿಗ್ರಿ ಹಿಂದಿನಿಂದ ಓಟ ಆರಂಭಿಸಿರುತ್ತದೆ.

ವೋಲ್ಟೇಜಿನದೂ ಒಂದು ಪಾತ್ರವಿದೆ. 230 ವೋಲ್ಟ್ ಬರಬೇಕಾದಲ್ಲಿ 184 ಬಂದರೆ ಹೀಟರಿನ ಶಕ್ತಿ 64 ಪ್ರತಿಶತಕ್ಕೆ ಇಳಿಯುತ್ತದೆ. ನೀರು ನಿಧಾನವಾಗಿ ಆರುತ್ತದೆ, ಮೊಟ್ಟೆ ಹಬೆಯಲ್ಲಿ ಹೆಚ್ಚು ಹೊತ್ತು ಕೂರುತ್ತದೆ, ಬೇಕಾದ್ದಕ್ಕಿಂತ ಗಟ್ಟಿಯಾಗುತ್ತದೆ. ಬೇಸಿಗೆಯ ಸಂಜೆಗಳಲ್ಲಿ ಲೈಟು ಮಂಕಾಗುವ ಊರುಗಳಲ್ಲಿ ಮುಂಜಾನೆಯ ಮೊಟ್ಟೆಗೂ ಸಂಜೆಯ ಮೊಟ್ಟೆಗೂ ವ್ಯತ್ಯಾಸ ಬಂದರೆ ಅದಕ್ಕೆ ಮೊಟ್ಟೆಯನ್ನು ದೂರಬೇಕಾಗಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೊಂದು ಡಿಗ್ರಿ ಕಡಿಮೆ. ಆದರೆ ಈ ವ್ಯತ್ಯಾಸ ಅರ್ಧ ಚಮಚ ನೀರಿನಲ್ಲಿ ಸರಿಹೋಗುವಷ್ಟು ಸಣ್ಣದು.

ಅಳತೆ ಲೋಟದ ತಳದಲ್ಲಿರುವ ಸೂಜಿ ಮೊಟ್ಟೆಯ ಅಗಲ ತುದಿಯನ್ನು ಚುಚ್ಚುವುದಕ್ಕೆ. ಆ ತುದಿಯ ಒಳಗೆ ಗಾಳಿಯ ಪುಟ್ಟ ಕೋಶ ಇರುತ್ತದೆ. ಬಿಸಿಗೆ ಗಾಳಿ ಹಿಗ್ಗಿದಾಗ ಹೊರಹೋಗಲು ದಾರಿ ಇಲ್ಲದಿದ್ದರೆ ಚಿಪ್ಪು ಬಿರಿಯುತ್ತದೆ. ಚುಚ್ಚಿದ ತುದಿಯನ್ನು ಮೇಲೆ ಮಾಡಿ ಇಟ್ಟರೆ ಲೋಳೆ ಸೋರುವುದಿಲ್ಲ. ಚುಚ್ಚಿದ ಮೊಟ್ಟೆಯನ್ನು ಆಗಲೇ ಬೇಯಿಸಬೇಕು, ನಾಳೆಗೆಂದು ಎತ್ತಿಡಬಾರದು. ಚಿಪ್ಪಿನ ಮೇಲಿನ ಸೂಕ್ಷ್ಮಾಣುಗಳು ಒಳಗೆ ಹೋಗಲು ಆ ತೂತೇ ಬಾಗಿಲು. ಅಮೆರಿಕದ ಕೃಷಿ ಇಲಾಖೆ ಇದೇ ಭಯದಿಂದ ಹಸಿ ಮೊಟ್ಟೆಯನ್ನು ಚುಚ್ಚುವುದನ್ನೇ ಒಪ್ಪುವುದಿಲ್ಲ. ಚುಚ್ಚಲೇಬೇಕೆನ್ನುವವರು ಮೊದಲು ಮೊಟ್ಟೆಯನ್ನು ತೊಳೆದು ಒರೆಸಿ, ಚುಚ್ಚಿದ ಮೇಲೆ ಸೂಜಿಯನ್ನು ಸೋಪಿನಿಂದ ತೊಳೆಯಬೇಕು. ಕೋಣೆಗಳಲ್ಲಿ ಇರುವ ಎಗ್ ಕುಕ್ಕರ್‌ಗಳಲ್ಲಿ ತಿಂಗಳುಗಟ್ಟಲೆ ನೀರು ಕಾಣದ ಭಾಗ ಎಂದರೆ ಈ ಸೂಜಿ. ತಂದ ಕೂಡಲೇ ಅಷ್ಟೂ ಮೊಟ್ಟೆಯನ್ನು ತೊಳೆದು ಜೋಡಿಸಿಡುವುದು ಮಾತ್ರ ಬೇಡ. ಚಿಪ್ಪಿನ ಮೇಲೆ ಪ್ರಕೃತಿಯೇ ಬಳಿದ ತೆಳು ಲೇಪ ತೊಳೆದುಹೋದರೆ ಮೊಟ್ಟೆ ಬೇಗ ಕೆಡುತ್ತದೆ. ಬೇಯಿಸುವ ಮುನ್ನ, ಬೇಕಾದಷ್ಟನ್ನು ಮಾತ್ರ ತೊಳೆಯಬೇಕು.

ಮುಚ್ಚಳದೊಳಗೆ ಆಗುವುದು ಇಷ್ಟು: 61–62 ಡಿಗ್ರಿಯಲ್ಲಿ ಬಿಳಿಯ ಭಾಗದ ಒಂದು ಪ್ರೋಟೀನು ಹೆಪ್ಪುಗಟ್ಟಲು ಶುರುವಾಗುತ್ತದೆ. ಬಿಳಿಯ ಪ್ರೋಟೀನಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲಿರುವ ಓವಲ್ಬುಮಿನ್ ಗಟ್ಟಿಯಾಗುವುದು 80ರ ಹತ್ತಿರ. ಹಳದಿ 65ರಲ್ಲಿ ಮಂದವಾಗಿ 70ರಲ್ಲಿ ಕಟ್ಟುತ್ತದೆ. ಹೊರಗಿನಿಂದ ಒಳಗೆ ಶಾಖ ಸಾಗಲು ಹೊತ್ತು ಬೇಕಾದ್ದರಿಂದಲೇ ಗಟ್ಟಿ ಬಿಳಿ, ಮೆತ್ತನೆ ಹಳದಿ ಎಂಬ ಸ್ಥಿತಿ ಸಾಧ್ಯ. ರುಚಿ ಅವರವರದು. ಆದರೆ ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಹರಿಯುವ ಹಳದಿಯನ್ನು ತಿನ್ನಬಾರದು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸತ್ತಿದೆ ಎಂದು ನೆಚ್ಚಬಹುದಾದದ್ದು ಹಳದಿ ಪೂರ್ತಿ ಕಟ್ಟಿದಾಗಲೇ. ಜ್ವರ ಬಂದು ಮಲಗಿದ ರೂಮ್‌ಮೇಟ್‌ಗೆ ಮೊಟ್ಟೆ ಬೇಯಿಸಿಕೊಡುವವರು ನೀರನ್ನು ಒಂದು ಚಮಚ ಹೆಚ್ಚೇ ಹಾಕಬೇಕು.

ಗಂಟೆ ಬಾರಿಸಿದ ಮೇಲೆ ಮೊಟ್ಟೆಯನ್ನು ಮುಚ್ಚಳದಡಿಯಲ್ಲೇ ಬಿಟ್ಟರೆ ಉಳಿದ ಬಿಸಿಯಲ್ಲಿ ಅದು ಬೇಯುತ್ತಲೇ ಇರುತ್ತದೆ. ಹಳದಿಯ ಸುತ್ತ ಹಸಿರು ಮಿಶ್ರಿತ ಬೂದು ಉಂಗುರ ಮೂಡುವುದು ಹೀಗೆ. ಬಿಳಿಯಿಂದ ಬಿಡುಗಡೆಯಾದ ಗಂಧಕದ ಅನಿಲ ಹಳದಿಯಲ್ಲಿರುವ ಕಬ್ಬಿಣದ ಜೊತೆ ಸೇರಿ ಕಬ್ಬಿಣದ ಸಲ್ಫೈಡ್ ಆಗುತ್ತದೆ. ತಿಂದರೆ ಅಪಾಯವಿಲ್ಲ, ವಾಸನೆ ಮಾತ್ರ ಹಿತವಲ್ಲ. ಸ್ವಿಚ್ ಆರಿಸಿ, ಮುಚ್ಚಳವನ್ನು ಮುಖದಿಂದ ಆಚೆಗೆ ವಾಲಿಸಿ ತೆರೆದು, ಹಲಗೆಯನ್ನು ಅದರ ಹಿಡಿಯಿಂದ ಎತ್ತಿ, ಮೊಟ್ಟೆಗಳನ್ನು ತಣ್ಣೀರಿಗೆ ಹಾಕಿದರೆ ಬೇಯುವುದು ನಿಲ್ಲುತ್ತದೆ, ಸುಲಿಯುವುದೂ ಸುಲಭವಾಗುತ್ತದೆ. ಮುಚ್ಚಳ ತೆರೆಯುವ ಈ ಕ್ಷಣವೇ ಎಲ್ಲಕ್ಕಿಂತ ಅಪಾಯದ್ದು. ಹಬೆ ಚರ್ಮಕ್ಕೆ ತಾಗಿ ನೀರಾಗುವಾಗ ಮೇಲೆ ಹೇಳಿದ ಅಷ್ಟೂ ಶಾಖವನ್ನು ಅಲ್ಲೇ ಬಿಡುತ್ತದೆ, ಕುದಿನೀರಿಗಿಂತ ಕೆಟ್ಟದಾಗಿ ಸುಡುತ್ತದೆ. ಎಷ್ಟು ಬೆಂದಿದೆ ನೋಡೋಣ ಎಂದು ನಡುವೆ ಮುಚ್ಚಳ ಎತ್ತುವುದು ಎರಡು ಬಗೆಯಲ್ಲಿ ನಷ್ಟ: ಕೈಗೂ ಕೇಡು, ಹಬೆ ಹೊರಟುಹೋಗಿ ನೀರಿನ ಲೆಕ್ಕವೂ ತಪ್ಪುತ್ತದೆ. ಬೆಂದ ಮೊಟ್ಟೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಚಿಪ್ಪು ಸುಲಿಯದೆ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರದೊಳಗೆ ತಿಂದು ಮುಗಿಸಬಹುದು.

ವಿದ್ಯುತ್ತಿನ ವಿಷಯದಲ್ಲಿ ಎಗ್ ಕುಕ್ಕರ್ ಬಡಪಾಯಿ. 360 ವ್ಯಾಟ್ ಎಂದರೆ ಒಂದೂವರೆ ಆಂಪಿಯರಿಗೆ ತುಸು ಹೆಚ್ಚು. 6 ಆಂಪಿಯರಿನ ಮಾಮೂಲಿ ಸಾಕೆಟ್ಟೇ ಸಾಕು. ಹನ್ನೆರಡು ನಿಮಿಷ ಉರಿದರೆ ಒಂದು ಯೂನಿಟ್ಟಿನ ಹದಿನಾಲ್ಕನೆಯ ಒಂದು ಪಾಲು ಖರ್ಚು. ಆದರೂ ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಕುಕ್ಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುವ ಕೋಣೆಗಳಿವೆ. ಅಲ್ಲಿ ಸುಡುವುದು ಬೋರ್ಡು. ಕರೆಂಟು ಹೋದಾಗ ಮರೆಯಬಾರದ ಮಾತು ಇನ್ನೊಂದಿದೆ. ನೀರು ಅರ್ಧ ಆರಿರುವಾಗ ಕರೆಂಟು ಹೋದರೆ ಕುಕ್ಕರಿನ ಗಡಿಯಾರವೂ ಅಲ್ಲಿಗೇ ನಿಲ್ಲುತ್ತದೆ. ಸ್ವಿಚ್ ಹಾಗೇ ಬಿಟ್ಟು ಕೆಲಸಕ್ಕೆ ಹೊರಟರೆ, ಯಾರೂ ಇಲ್ಲದ ಕೋಣೆಯಲ್ಲಿ ಕರೆಂಟು ಮರಳಿದಾಗ ಅದು ತಾನಾಗಿ ಮತ್ತೆ ಕಾಯಲು ತೊಡಗುತ್ತದೆ. ಕರೆಂಟು ಹೋದ ಕೂಡಲೇ ಪ್ಲಗ್ ಕೀಳುವುದನ್ನು ರೂಢಿ ಮಾಡಿಕೊಳ್ಳಬೇಕು.

ಇನ್ನು ಶುಚಿ. ಬಿಸಿ ತಟ್ಟೆಯ ಮೇಲೆ ಬಿಳಿ, ಕಂದು ಮಚ್ಚೆಗಳು ಮೂಡುವುದನ್ನು ಕಂಡು ಪಾತ್ರೆ ಕಳಪೆ ಎಂದು ಎಸೆದವರಿದ್ದಾರೆ. ಆ ಮಚ್ಚೆ ಪಾತ್ರೆಯದಲ್ಲ, ನೀರಿನದು. ಬೇರೆ ಪಾತ್ರೆಯಲ್ಲಿ ಮೊಟ್ಟೆ ಬೇಯಿಸಿದರೆ ಉಳಿದ ನೀರನ್ನು ಚೆಲ್ಲುತ್ತೇವೆ, ಅದರಲ್ಲಿ ಕರಗಿದ ಲವಣವೂ ಜೊತೆಗೆ ಹೋಗುತ್ತದೆ. ಎಗ್ ಕುಕ್ಕರಿನಲ್ಲಿ ಚೆಲ್ಲಲು ನೀರೇ ಉಳಿಯುವುದಿಲ್ಲ. ಆವಿಯಾಗಿ ಹೋಗುವುದು ಶುದ್ಧ ನೀರು ಮಾತ್ರ, ಕರಗಿದ್ದೆಲ್ಲ ತಟ್ಟೆಯಲ್ಲೇ ಉಳಿಯುತ್ತದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ವಸ್ತು ಲೀಟರಿಗೆ 500 ಮಿಲಿಗ್ರಾಮಿನವರೆಗೆ ಒಪ್ಪಿತ. ಬೇರೆ ನೀರು ಸಿಗದ ಕಡೆ 2000ದವರೆಗೂ ಬಿಡಬಹುದು. 500ರ ನೀರನ್ನು 40 ಮಿಲಿಲೀಟರ್ ಹಾಕಿದರೆ ಒಂದು ಸಲಕ್ಕೆ 20 ಮಿಲಿಗ್ರಾಮು ತಟ್ಟೆಯ ಮೇಲೆ. 2000ದ ಬೋರ್‌ವೆಲ್ ನೀರಾದರೆ 80 ಮಿಲಿಗ್ರಾಮು, ದಿನಕ್ಕೊಮ್ಮೆಯಂತೆ ತಿಂಗಳಿಗೆ ಎರಡು ಗ್ರಾಮಿಗೂ ಹೆಚ್ಚು. ಕಾವೇರಿ ನೀರು ಬರುವ ಬೀದಿಯಲ್ಲೂ ಬೋರ್ ನೀರನ್ನೇ ನೆಚ್ಚಿದ ಹೊಸ ಬಡಾವಣೆಯಲ್ಲೂ ಒಂದೇ ಕಂಪನಿಯ ಕುಕ್ಕರ್ ಬೇರೆ ಬೇರೆ ವೇಗದಲ್ಲಿ ಕಲೆಗಟ್ಟುವುದು ಈ ಕಾರಣಕ್ಕೆ. ಕ್ಯಾನ್ ನೀರು ಅಥವಾ ಆರ್‌ಒ ಫಿಲ್ಟರ್ ನೀರು ಹಾಕಿದರೆ ಕಲೆ ನಿಧಾನವಾಗುತ್ತದೆ, ಆದರೆ ಇಲ್ಲವಾಗುವುದಿಲ್ಲ.

ಗಡಸು ನೀರಿನ ಕಲೆಯಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಮೊಟ್ಟೆಯ ಚಿಪ್ಪು ಆಗಿರುವುದೂ ಅದರಿಂದಲೇ. ಒಂದರ್ಥದಲ್ಲಿ ಕುಕ್ಕರ್ ತನ್ನ ತಟ್ಟೆಯ ಮೇಲೆ ದಿನದಿನವೂ ತೆಳುವಾಗಿ ಚಿಪ್ಪು ಕಟ್ಟಿಕೊಳ್ಳುತ್ತಿರುತ್ತದೆ. ಅದನ್ನು ಬಿಟ್ಟರೆ ಅಂದ ಕೆಡುವುದಷ್ಟೇ ಅಲ್ಲ, ಬೇಯುವ ಹೊತ್ತೂ ಕೆಡುತ್ತದೆ. ಸುಣ್ಣದ ಪದರ ತಟ್ಟೆಗೂ ನೀರಿಗೂ ನಡುವೆ ಕಂಬಳಿಯ ಹಾಗೆ ಕೂರುತ್ತದೆ. ನೀರು ಇನ್ನೂ ಇರುವಾಗಲೇ ಅಡಿಯ ಲೋಹ ವಿಪರೀತ ಕಾದು, ಥರ್ಮೋಸ್ಟಾಟ್ ನೀರು ಮುಗಿಯಿತೆಂದು ತಿಳಿದು ವಿದ್ಯುತ್ ಕಡಿಯುತ್ತದೆ. ಮೊಟ್ಟೆ ಅರೆಬೆಂದಿರುತ್ತದೆ. ‘ಈಚೆಗೆ ಕುಕ್ಕರ್ ಬೇಗ ಆಫ್ ಆಗುತ್ತದೆ’ ಎಂಬ ದೂರು ಬಂದಾಗ ರಿಪೇರಿ ಅಂಗಡಿಗೆ ಹೋಗುವ ಮುನ್ನ ತಟ್ಟೆಯನ್ನು ನೋಡಬೇಕು.

ದಿನದ ಶುಚಿಗೆ ಎರಡು ನಿಮಿಷ ಸಾಕು. ಪ್ಲಗ್ ಕಿತ್ತು, ತಟ್ಟೆ ಪೂರ್ತಿ ಆರಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸುವುದು. ಅಂದಂದಿನ ಲವಣ ಇನ್ನೂ ಸಡಿಲವಾಗಿರುವುದರಿಂದ ಅರ್ಧಕ್ಕರ್ಧ ಬಟ್ಟೆಗೇ ಬರುತ್ತದೆ. ಮುಚ್ಚಳ, ಹಲಗೆ, ಲೋಟಗಳನ್ನು ಪಾತ್ರೆ ಸೋಪಿನಲ್ಲಿ ತೊಳೆಯಬೇಕು. ಬುಡವನ್ನು ಮಾತ್ರ ಯಾವ ಕಾರಣಕ್ಕೂ ನಲ್ಲಿಯ ಕೆಳಗೆ ಹಿಡಿಯಬಾರದು, ಬಕೆಟ್ಟಿನಲ್ಲಿ ಅದ್ದಬಾರದು. ಒಳಗೆ ಹೊಕ್ಕ ನೀರು ಹೊರಗಿನಿಂದ ಕಾಣುವುದಿಲ್ಲ. ಮುಂದಿನ ಸಲ ಸ್ವಿಚ್ ಹಾಕಿದಾಗ ಅದು ಮುಟ್ಟಿದವರ ಕೈಗೆ ತಿಳಿಯುತ್ತದೆ.

ಕಟ್ಟಿಕೊಂಡ ಸುಣ್ಣಕ್ಕೆ ಆಮ್ಲವೇ ಮದ್ದು. ಬಿಳಿ ವಿನೆಗರ್ ಮತ್ತು ನೀರನ್ನು ಸಮಸಮ ಬೆರೆಸಿ ಕಲೆ ಮುಳುಗುವಷ್ಟು ತಟ್ಟೆಗೆ ಹಾಕಿ ಅರ್ಧ ಗಂಟೆ ಬಿಟ್ಟರೆ ಸಣ್ಣ ಗುಳ್ಳೆಗಳು ಏಳುತ್ತವೆ. ಸುಣ್ಣ ಕರಗಿ ಇಂಗಾಲದ ಡೈಆಕ್ಸೈಡ್ ಹೊರಡುತ್ತಿದೆ ಎಂಬುದರ ಗುರುತು ಅದು. ಆಮೇಲೆ ದ್ರವವನ್ನು ಸ್ಪಂಜಿನಿಂದ ಹೀರಿ ತೆಗೆದು, ಎರಡು ಸಲ ನೀರಿನ ಬಟ್ಟೆಯಿಂದ ಒರೆಸಬೇಕು. ವಿನೆಗರ್ ಇಲ್ಲದಿದ್ದರೆ ಒಂದು ಚಮಚ ಸಿಟ್ರಿಕ್ ಆ್ಯಸಿಡ್ ಪುಡಿಯನ್ನು ಲೋಟ ನೀರಿಗೆ ಕದಡಬಹುದು, ಅಥವಾ ಹಿಂಡಿದ ನಿಂಬೆಹೋಳಿನಿಂದ ಉಜ್ಜಬಹುದು. ಹಿತ್ತಾಳೆ ಪಾತ್ರೆ ಬೆಳಗಲು ಅಜ್ಜಿಯರು ಬಳಸುತ್ತಿದ್ದ ಹುಣಸೆಹಣ್ಣಿಗೂ ಇದೇ ಗುಣ. ಕಿವುಚಿ ಸೋಸಿದ ಹುಳಿನೀರು ಇಲ್ಲೂ ಕೆಲಸ ಮಾಡುತ್ತದೆ. ಬೋರ್ ನೀರು ಬಳಸುವವರಿಗೆ ಹದಿನೈದು ದಿನಕ್ಕೊಮ್ಮೆ, ಉಳಿದವರಿಗೆ ತಿಂಗಳಿಗೊಮ್ಮೆ ಮಾಡಿದರೆ ಸಾಕು.

ವಿನೆಗರ್ ಜೊತೆ ಅಡುಗೆ ಸೋಡಾ ಬೆರೆಸಬೇಕೆಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ನೊರೆ ಉಕ್ಕುವುದನ್ನು ನೋಡಲು ಚೆನ್ನ, ಆದರೆ ಆ ನೊರೆಯಲ್ಲಿ ಆಮ್ಲವೂ ಕ್ಷಾರವೂ ಒಂದನ್ನೊಂದು ಮುಗಿಸಿಕೊಳ್ಳುತ್ತವೆ, ಸುಣ್ಣ ಇದ್ದಲ್ಲೇ ಇರುತ್ತದೆ. ಬ್ಲೀಚಿಂಗ್ ಪುಡಿಯನ್ನೋ ಬ್ಲೀಚ್ ಇರುವ ದ್ರವವನ್ನೋ ಆಮ್ಲದ ಜೊತೆ ಸೇರಿಸುವುದಂತೂ ಪ್ರಾಣಕ್ಕೆ ಅಪಾಯ. ಏಳುವುದು ಕ್ಲೋರಿನ್ ಅನಿಲ, ಕಿಟಕಿ ಇಲ್ಲದ ಸಣ್ಣ ಕೋಣೆಯಲ್ಲಿ ಅದಕ್ಕಿಂತ ಕೆಟ್ಟದ್ದು ಬೇರಿಲ್ಲ. ಸ್ಟೀಲ್ ನಾರು, ಚಾಕುವಿನ ಮೊನೆ, ಪಾತ್ರೆ ತಿಕ್ಕುವ ಒರಟು ಪುಡಿ ನಾನ್‌ಸ್ಟಿಕ್ ಲೇಪವನ್ನು ಕೆರೆದುಹಾಕುತ್ತವೆ. ಸ್ಟೀಲಿನ ತಟ್ಟೆಯಲ್ಲೂ ಗೀರು ಬಿದ್ದಲ್ಲೇ ಮುಂದಿನ ಸುಣ್ಣ ಗಟ್ಟಿಯಾಗಿ ಹಿಡಿಯುತ್ತದೆ.

ಮೊಟ್ಟೆ ಬಿರಿದು ಲೋಳೆ ತಟ್ಟೆಗೆ ಸುರಿದಿದ್ದರೆ ಕ್ರಮ ಬೇರೆ. ಬಿಸಿನೀರು ಹಾಕಿದರೆ ಅಳಿದುಳಿದ ಹಸಿ ಲೋಳೆಯೂ ಬೆಂದು ಅಂಟಿಕೊಳ್ಳುತ್ತದೆ. ತಟ್ಟೆ ಆರಿದ ಮೇಲೆ ತಣ್ಣೀರು ಮತ್ತು ಎರಡು ಹನಿ ಸೋಪು ಹಾಕಿ ನೆನೆಯಲು ಬಿಟ್ಟು, ಮರದ ಸೌಟಿನಿಂದ ಎಬ್ಬಿಸಬೇಕು. ವಾಸನೆ ಉಳಿಯುವುದು ತಟ್ಟೆಯಲ್ಲಿ ಅಲ್ಲ, ಪ್ಲಾಸ್ಟಿಕ್ ಮುಚ್ಚಳದಲ್ಲಿ. ಕಡಲೆಹಿಟ್ಟು ಸವರಿ ತೊಳೆದು, ನಿಂಬೆ ಸಿಪ್ಪೆಯಿಂದ ಉಜ್ಜಿ, ಗಾಳಿಗೆ ಒಣಗಿಸಿದರೆ ಹೋಗುತ್ತದೆ. ಒದ್ದೆ ಮುಚ್ಚಳವನ್ನು ಹಾಕಿ ಮುಚ್ಚಿಟ್ಟ ಕುಕ್ಕರಿನಲ್ಲಿ ವಾಸನೆ ಮತ್ತೆ ಹುಟ್ಟುತ್ತದೆ. ಮೊಟ್ಟೆ ತಿನ್ನದವರೂ ಬಳಸುವ ಅಡುಗೆಮನೆಯಲ್ಲಿ ಕುಕ್ಕರಿಗೆ ಬೇರೆ ಸ್ಪಂಜು, ಬೇರೆ ಬಟ್ಟೆ ಇಡುವುದು ಮರ್ಯಾದೆಯ ಮಾತು. ಎಷ್ಟೋ ಜಗಳ ಅಷ್ಟರಿಂದಲೇ ತಪ್ಪುತ್ತದೆ.

ಹಲಗೆಯ ಮೇಲೆ ಜೋಳದ ತೆನೆಯ ತುಂಡು, ಕ್ಯಾರೆಟ್, ಸಿಹಿಗೆಣಸಿನ ಬಿಲ್ಲೆ ಇಟ್ಟು ಬೇಯಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ಬಿಸಿ ತಟ್ಟೆಯ ಮೇಲೆ ನೀರಲ್ಲದೆ ಬೇರೇನೂ ಬೀಳಬಾರದು. ಹಾಲು ಕಾಯಿಸುವುದು, ನೂಡಲ್ಸ್ ಮಾಡುವುದು ಕೋಣೆಗಳಲ್ಲಿ ನಡೆಯುತ್ತಲೇ ಇದೆ. ಹಾಲು ತಳಹಿಡಿದು ಕರಕಾಗುತ್ತದೆ, ಉಕ್ಕಿ ಅಂಚು ದಾಟಿ ಸ್ವಿಚ್ಚಿನೊಳಕ್ಕೆ ಇಳಿಯುತ್ತದೆ.

ವೈರು ಬಿಸಿಯಾಗುವುದು, ಮುಟ್ಟಿದರೆ ಜುಮ್ಮೆನ್ನುವುದು, ನೀರು ಆರಿದರೂ ತಾನಾಗಿ ನಿಲ್ಲದಿರುವುದು, ಲೇಪ ಚಕ್ಕೆಯೇಳುವುದು, ಇವುಗಳಲ್ಲಿ ಒಂದು ಕಂಡರೂ ಕುಕ್ಕರನ್ನು ಆ ದಿನದಿಂದಲೇ ಬಳಸಬಾರದು. ಹಳೆಯ ಕುಕ್ಕರನ್ನು ಹಸಿ ಕಸದಲ್ಲೋ ಒಣ ಕಸದಲ್ಲೋ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಬೇಕು. 2023ರ ಏಪ್ರಿಲ್ 1ರಿಂದ ದೇಶದಲ್ಲಿ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ವಿದ್ಯುತ್ ಉಪಕರಣಗಳಿಗೆ ಆ ದಾರಿಯನ್ನೇ ಹಾಕಿಕೊಟ್ಟಿವೆ. ಹಳೆಯ ಅಳತೆ ಲೋಟವನ್ನು ಉಳಿಸಿಕೊಂಡು ಹೊಸ ಕುಕ್ಕರಿಗೆ ಬಳಸುವುದೂ ಬೇಡ. ಅದರ ಗೆರೆಗಳು ಹಳೆಯ ಹೀಟರಿನ ವ್ಯಾಟಿಗೆ ಎಳೆದವು. ಹೊಸ ಕುಕ್ಕರಿಗೆ ಅದರ ಜೊತೆ ಬಂದ ಲೋಟವನ್ನೇ ಹಿಡಿದು, ಚಮಚದ ಲೆಕ್ಕವನ್ನು ಮತ್ತೆ ಮೊದಲಿನಿಂದ ಹೊಂದಿಸಿಕೊಳ್ಳಬೇಕು.